ಬದುಕಿ ಬಂದವಳು ಜಗಳ ಆಡಬಹುದೇ?

ಅಳಿಸದ ಸಿನಿಮಾ ನನ್ನ ಲೆಕ್ಕದಲ್ಲಿ ದಂಡ. ಹೋದ ಭಾನುವಾರ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿ, ನಾಜಿಗಳ ಸಾವಿನ ಶಿಬಿರದಿಂದ ಬದುಕಿ ಬಂದ ಯೆಹೂದಿ ಹೆಂಗಸೊಬ್ಬಳ ಕಥೆಯನ್ನು ಟಿವಿಯಲ್ಲಿ ನೋಡಿದೆವು. ಅರ್ಧ ಮುಗಿಯುವಷ್ಟರಲ್ಲಿ ನನ್ನ ಸೆರಗು ಒದ್ದೆಯಾಗಿತ್ತು. ಕೊನೆಗೆ ನೋಡಿದರೆ, ಮುದುಕಿಯಾದ ಆಕೆ ಕೊಳೆತ ಆಲೂಗಡ್ಡೆ ಹಾಕಿದ ವ್ಯಾಪಾರಿಯ ಮೇಲೆ ಸಂತೆಗೆಲ್ಲ ಕೇಳುವಂತೆ ಜಗಳಕ್ಕೆ ನಿಂತಳು. ಸಿನಿಮಾ ಅಲ್ಲಿಗೇ ಮುಗಿಯಿತು.

"ಹಾಳು ಮಾಡ್ಬಿಟ್ರು ಕಣಮ್ಮ!" ಎಂದರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. "ಅಷ್ಟು ನೋವುಂಡೋರು ಪುಟಕ್ಕಿಟ್ಟ ಚಿನ್ನ ಆಗಿರ್ತಾರೆ. ಆಲೂಗಡ್ಡೆಗೆ ಕಚ್ಚಾಡ್ತಾರಾ?"

ನಮ್ಮ ಯಜಮಾನರ ತಕರಾರೇ ಬೇರೆ. "ಶಿಬಿರದಲ್ಲಿ ಊಟ ಇಲ್ಲ ಅಂತಾರೆ, ಆ ನಟಿ ಕೆನ್ನೆ ನೋಡು!"

ನಾನು ಮೇಷ್ಟ್ರ ಪಕ್ಷ. ಬೆಂಕಿ ಗೆದ್ದು ಬಂದ ಯಾವ ಪತಿವ್ರತೆಯೂ ಆಮೇಲೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ್ದನ್ನು ನಾನು ಕೇಳಿದ ಹರಿಕಥೆಗಳಲ್ಲಂತೂ ಹೇಳಿಲ್ಲ.

ಬಾಗಿಲ ಹತ್ತಿರ ಕೂತಿದ್ದವಳು ಎದುರುಮನೆಯ ನಸೀಮಾ, ಬಟ್ಟೆ ಹೊಲಿಯುವವಳು. ಹೋದ ವರ್ಷ ಕಾಯಿಲೆ ಬಿದ್ದು, ಡಾಕ್ಟರು ಕೈಚೆಲ್ಲಿದ ಮೇಲೂ ಉಳಿದು ಬಂದಳು. ಅವಳು ಆಸ್ಪತ್ರೆಯಲ್ಲಿದ್ದಾಗ ಮೈದುನ ಅವಳ ಹೊಲಿಗೆ ಕೋಣೆಗೆ ಚಂದ್ರಿಕೆಗಳನ್ನು, ಅಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು ತುಂಬಿದ, ಆಮೇಲೆ ತೆಗೆಯಲೇ ಇಲ್ಲ. ಕೇಳಿದರೆ, "ಜೀವ ಉಳಿದದ್ದೇ ದೊಡ್ಡದು, ಕೋಣೆಗೆ ಯಾಕೆ ರಂಪ?" ಎಂದು ಬೀದಿಯೇ ಬುದ್ಧಿ ಹೇಳಿತು. ಗಟ್ಟಿಬಾಯಿಯ ನಸೀಮಾ ಅಂದಿನಿಂದ ತೆಪ್ಪಗಾಗಿದ್ದಳು. ಆ ಮಹಾಕ್ರೌರ್ಯದ ಪಕ್ಕದಲ್ಲಿ ಈ ಕೋಣೆಯ ಸಂಕಟವನ್ನು ಇಡುವುದು ಸಲ್ಲದು. ಅವಳೂ ಇಡಲಿಲ್ಲ. ಸಿನಿಮಾದ ಮಾತನ್ನಷ್ಟೇ ಆಡಿದಳು.

"ಆಯಮ್ಮ ಜಗಳ ಆಡಿದ್ ನೋಡಿ ನಂಗೆ ಜೀವ ಬಂದಂಗಾಯ್ತು ಮೇಷ್ಟ್ರೇ. ಶಿಬಿರದಲ್ಲಿ ಕೊಳೆತಿದ್ದು ಕೊಟ್ರು, ಬಾಯ್ಮುಚ್ಕೊಂಡು ತಿಂದ್ಲು. ಈಗ್ಲೂ ಬಾಯ್ಮುಚ್ಕೊಂಡೇ ಇರು ಅಂದ್ರೆ ಬಿಡುಗಡೆ ಆಗಿದ್ದಾದ್ರೂ ಏನು?"

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಅಬ್ಬ, ನಾವೆಂಥ ಜಾಣರು! ಬದುಕಿ ಬಂದವರನ್ನು ಪಟ ಮಾಡಿ ಗೋಡೆಗೆ ತೂಗುಹಾಕಿದರೆ ನಮಗೇ ಅನುಕೂಲ. ಪಟ ತನ್ನ ಕೋಣೆಯನ್ನು ವಾಪಸ್ ಕೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಬೀದಿಯಲ್ಲಿ ಗಲಾಟೆ. ಓಡಿ ಹೋಗಿ ನೋಡಿದರೆ, ನಸೀಮಾ ಚಂದ್ರಿಕೆಗಳನ್ನು ಎಳೆದೆಳೆದು ಹೊರಗೆ ನಿಲ್ಲಿಸುತ್ತಿದ್ದಾಳೆ.

"ಭಾಬಿ, ನಿಧಾನಕ್ಕೆ ಮಾತಾಡಣ..." ಎಂದ ಮೈದುನ.

"ನಿಧಾನ ಎಲ್ಲ ಆಸ್ಪತ್ರೇಲೇ ಮುಗಿಸ್ಕೊಂಡ್ ಬಂದಿದೀನಿ ಕಣೋ! ಎತ್ತು ಆ ಕಡೆ!"

ಅವನು ಎತ್ತಿದ. ಇನ್ನೊಂದು ತುದಿ ಹಿಡಿದವರು ಸಾಕ್ಷಾತ್ ಮೇಷ್ಟ್ರು. ನನಗಾದ ಖುಷಿಗೆ ಒಳಗೆ ಹಾಲು ಒಲೆಯ ಮೇಲೆಲ್ಲ ಉಕ್ಕಿಹೋಯಿತು.

ಮಧ್ಯಾಹ್ನ ಆ ಕೋಣೆಯಿಂದ ಹೊಲಿಗೆ ಮಿಷನ್ನಿನ ಸದ್ದು ಬಂದದ್ದೇ ತಡ, ರವಿಕೆ ಬಟ್ಟೆ ಹಿಡಿದು ಓಡಿದೆ.

"ಗುರುವಾರ ಬಾ ಅಕ್ಕಾ. ನಡುವೆ ಬಂದು ಆಯ್ತಾ ಆಯ್ತಾ ಅಂತ ತಲೆ ತಿಂದ್ರೆ ಹೊಲ್ಯಲ್ಲ ನೋಡು!" ಎಂದು ಗದರಿದಳು.

ಹೀಗೆ ಗದರುವವಳು ಪೂರ್ತಿ ಬದುಕಿ ಬಂದಿದ್ದಾಳೆ ಎಂದು ಖಾತ್ರಿಯಾಯಿತು. ಗುರುವಾರದವರೆಗೆ ಬಾಯಿ ಮುಚ್ಚಿಕೊಂಡಿರುವುದು ಇನ್ನು ನನ್ನ ಸರದಿ.