ಕಡಲೆ ಗಿಡದಂಥ ಗಿಡ

ಹೋದ ಶನಿವಾರ ನನ್ನ ಹೆಂಡತಿ ನರ್ಸರಿಯಿಂದ ಇಪ್ಪತ್ತು ಸಸಿಗಳನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ದೇವನಹಳ್ಳಿಯ ನಮ್ಮ ಮನೆಗೂ ಗೇಟಿಗೂ ನಡುವೆ ಒಂದು ಪುಟ್ಟ ಇಳಿಜಾರಿದೆ. ಮಳೆ ಬಂದಾಗಲೆಲ್ಲ ಅಲ್ಲಿಯ ಕೆಮ್ಮಣ್ಣು ಹರಿದು ಎದುರು ಮನೆಯವರ ರಂಗೋಲಿಯ ಮೇಲೆ ಕೂರುತ್ತದೆ. ಆ ಮಣ್ಣು ಹಿಡಿದು ನಿಲ್ಲಿಸಲು ನೆಲಕ್ಕಂಟಿ ಹಬ್ಬುವ ಗಿಡ ಬೇಕು ಎಂದಿದ್ದಕ್ಕೆ ನರ್ಸರಿಯವನು ಇದನ್ನು ಕೊಟ್ಟನಂತೆ. ನಾಲ್ಕು ನಾಲ್ಕು ಎಲೆಯ ಬಳ್ಳಿ, ನಡುನಡುವೆ ಹಳದಿ ಹೂವು.

"ಇದರ ಹೆಸರೇನ್ರೀ? ನೀವು ತೋಟದ ಕೆಲಸದಲ್ಲಿ ಇದ್ದವರಲ್ವಾ?" ಎಂದಳು.

ನಾನು ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿದೆ. ಹಸಿ ಕಡಲೆಕಾಯಿ ಗಿಡವನ್ನು ಬುಡಸಮೇತ ಕಿತ್ತಾಗ ಬರುವ ಒಂದು ವಾಸನೆ ಇದೆಯಲ್ಲ, ಹೆಚ್ಚುಕಡಿಮೆ ಅದೇ. "ಇದು ಕಡಲೆ ಗಿಡ ಇದ್ದ ಹಾಗಿರುತ್ತೆ. ಆದ್ರೆ ಅಲ್ಲ. ಅಲ್ಲ ಅಂತಾನೂ ಹೇಳೋ ಹಾಗಿಲ್ಲ" ಎಂದೆ. ಅವಳು ನನ್ನ ಮುಖ ನೋಡಿ, ಮುಂದೆ ಕೇಳುವುದು ದಂಡ ಎಂದು ಒಳಗೆ ಹೋದಳು.

ನೀವೂ ಈ ಗಿಡವನ್ನು ನೋಡಿರುತ್ತೀರಿ. ದೊಡ್ಡ ರಸ್ತೆಗಳ ನಡುವಿನ ಕಟ್ಟೆಯಲ್ಲಿ, ಹೊಸ ಬಡಾವಣೆಗಳ ಬಾಗಿಲಲ್ಲಿ ಹಳದಿ ಚುಕ್ಕೆ ಇಟ್ಟ ಹಸಿರು ಚಾಪೆಯಂತೆ ಹಾಸಿಕೊಂಡಿರುತ್ತದೆ. ನರ್ಸರಿಯವರು ಪಿಂಟೊ ಎನ್ನುತ್ತಾರೆ. ನಾನು ಇದನ್ನು ನೆಡಿಸಿದ್ದೇನೆ, ಕತ್ತರಿಸಿದ್ದೇನೆ, ಇದರ ದೆಸೆಯಿಂದ ಒಬ್ಬರ ಮನಸ್ಸನ್ನೂ ನೋಯಿಸಿದ್ದೇನೆ. ಆದರೂ ಇದನ್ನು ಹೂವೆನ್ನಬೇಕೋ, ಹುಲ್ಲೆನ್ನಬೇಕೋ, ಬೆಳೆಯೆನ್ನಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ.

ತೋಟದ ಕೆಲಸಕ್ಕೆ ನಾನು ಬಂದಿದ್ದೇ ಒಂದು ಎಡವಟ್ಟು. ಇಪ್ಪತ್ತು ವರ್ಷ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡೊಂದರಲ್ಲಿ ಮೇಸ್ತ್ರಿಯಾಗಿದ್ದೆ. ಆ ಶೆಡ್ಡು ಮುಚ್ಚಿದಾಗ ಪರಿಚಯದವರೊಬ್ಬರು ಆವತಿ ಕಡೆಯ ಹೊಸ ಬಡಾವಣೆಯೊಂದರಲ್ಲಿ ತೋಟದ ಸೂಪರ್‌ವೈಸರ್ ಕೆಲಸ ಕೊಡಿಸಿದರು. "ನಂಗೆ ಗಿಡದ ಬಗ್ಗೆ ಏನೂ ಗೊತ್ತಿಲ್ವಲ್ಲ" ಎಂದದ್ದಕ್ಕೆ, "ಗಿಡ ಅದರ ಪಾಡಿಗೆ ಬೆಳೀತದೆ ಗುರು, ನೀನು ಜನಾನ ನೋಡ್ಕೊಂಡ್ರೆ ಸಾಕು" ಎಂದರು. ಹೀಗೆ ಸೀರೆಯ ಅಂಚು ನೋಡುತ್ತಿದ್ದವನು ಹುಲ್ಲಿನ ಅಂಚು ನೋಡತೊಡಗಿದೆ. ಮಗ್ಗದ ಸದ್ದಿನಲ್ಲಿ ಬಾಳಿದ ನಮ್ಮಂಥವರಿಗೆ ಒಂದು ರೋಗ ಇರುತ್ತದೆ: ಗುಟ್ಟನ್ನೂ ಕೂಗಿಯೇ ಹೇಳುತ್ತೇವೆ. ಬಡಾವಣೆಯ ಆ ನಿಶ್ಶಬ್ದದಲ್ಲಿ ನಾನು "ನೀರು ಬಿಡ್ರಮ್ಮಾ" ಎಂದರೆ ಮೂರನೇ ಬೀದಿಯ ನಾಯಿ ಬೊಗಳುತ್ತಿತ್ತು.

ಕೆಲಸಕ್ಕೆ ಆರು ಜನ ಹೆಂಗಸರು ಬೇಕಿತ್ತು. ಐವರು ಸುತ್ತಮುತ್ತಲಿನವರು. ಆರನೆಯವರು ನನ್ನ ಚಿಕ್ಕಮ್ಮ, ಜಯಮ್ಮ. ನನ್ನ ತಾಯಿಯ ತಂಗಿ. ತಾಯಿ ಹಾಸಿಗೆ ಹಿಡಿದಿದ್ದ ಎರಡು ವರ್ಷ ನನಗೆ ಉಣ್ಣಲಿಕ್ಕಿ, ತಲೆ ಬಾಚಿ, ಸ್ಕೂಲಿಗೆ ಕಳಿಸಿದವರು ಇವರೇ. ತೂಬಗೆರೆ ಹತ್ತಿರದ ಊರಿನಲ್ಲಿ ಅವರಿಗೆ ಸ್ವಲ್ಪ ಜಮೀನು, ಎರಡು ಹಸು. ಚಿಕ್ಕಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ ಕೂರಲಾರದೆ, "ಏನಾರಾ ಕೆಲ್ಸ ಇದ್ರೆ ಹೇಳಪ್ಪಾ" ಎಂದಿದ್ದರು. ದಿನಾ ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಬಸ್ಸಿನಲ್ಲಿ ಬರುತ್ತಿದ್ದರು. ಎಲ್ಲರೆದುರು ನಾನು ಅವರನ್ನು "ಜಯಮ್ಮನೋರೇ" ಎನ್ನುತ್ತಿದ್ದೆ, ಅವರು ನನ್ನನ್ನು "ಸಾರ್" ಎನ್ನುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಮುದ್ದೆಯ ಅರ್ಧ ಮುರಿದು ನನ್ನ ಡಬ್ಬಿಗೆ ಹಾಕಿ, "ತಿನ್ನೋ, ಸೊರಗೋಗಿದ್ದೀಯ" ಎನ್ನುತ್ತಿದ್ದರು.

ಒಂದು ದಿನ ಈ ಗಿಡ ಲಾರಿಯಲ್ಲಿ ಬಂತು. ಚಿಕ್ಕಮ್ಮ ಒಂದು ಬಳ್ಳಿ ಎತ್ತಿ ಹಿಂದೆ ಮುಂದೆ ನೋಡಿದರು.

"ಇದು ಕಡ್ಲೆಕಾಯ್ ಗಿಡ ಅಲ್ವೇನಪ್ಪಾ?"

"ಅಲ್ಲಮ್ಮಾ, ಇದು ಶೋ ಗಿಡ" ಎಂದ ಲಾರಿಯವನು.

"ಶೋ ಅಂದ್ರೆ? ಕಾಯಿ ಬಿಡಾಕಿಲ್ವಾ?"

"ಇಲ್ಲ. ಬರೀ ನೋಡಾಕೆ."

"ನೋಡಾಕಾ?" ಎಂದು ಅವರು ನನ್ನ ಕಡೆ ತಿರುಗಿದರು. ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಅವನು ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ನನಗೆ ಗೊತ್ತಿರಲಿಲ್ಲ.

ಆಫೀಸಿನ ಮುಂದೆ, ರಸ್ತೆಯ ಪಕ್ಕ, ಮಕ್ಕಳ ಪಾರ್ಕಿನಲ್ಲಿ ಗೇಣುದ್ದಕ್ಕೊಂದು ಬಳ್ಳಿ ನೆಟ್ಟೆವು. ಎರಡು ತಿಂಗಳಲ್ಲಿ ನೆಲವೇ ಕಾಣದಂತೆ ಮುಚ್ಚಿಕೊಂಡಿತು. ಬೆಳಿಗ್ಗೆ ವಾಕಿಂಗ್ ಬಂದವರು ಅದರ ಮುಂದೆ ನಿಂತು ಫೋಟೋ ಹಿಡಿದುಕೊಳ್ಳುತ್ತಿದ್ದರು. ಅಂಚು ಮೀರಿದ್ದನ್ನು ನಾವು ವಾರಕ್ಕೊಮ್ಮೆ ಕತ್ತರಿಸಿ ಗುಂಡಿಗೆ ಹಾಕುತ್ತಿದ್ದೆವು. ಅಲ್ಲಿಯ ಮ್ಯಾನೇಜರು ಸಣ್ಣ ವಯಸ್ಸಿನವರು, ಬಲು ಶಿಸ್ತು. ಯಾರೋ ಒಮ್ಮೆ ಕರಿಬೇವು ಕಿತ್ತುಕೊಂಡು ಹೋದರೆಂದು, ಒಂದು ಎಲೆಯೂ ಗೇಟು ದಾಟಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಸಂಜೆ ಹೆಂಗಸರ ಬ್ಯಾಗುಗಳನ್ನು ಗೇಟಿನಲ್ಲಿ ಬಿಚ್ಚಿ ನೋಡುತ್ತಿದ್ದರು. ಹಾಗೇನಾದರೂ ಹೋದರೆ ಕದ್ದವರ ಜೊತೆ ಸೂಪರ್‌ವೈಸರೂ ಮನೆಗೆ ಎಂದು ನನಗೆ ಬೇರೆಯಾಗಿ ಹೇಳಿದ್ದರು.

ಒಂದು ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮ್ಯಾನೇಜರು ಆಫೀಸಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹೂವಿನ ಹಾಸಿನ ಒಂದು ಪಕ್ಕ, ಸುಮಾರು ಎರಡು ಮಾರಿನಷ್ಟು, ಮಣ್ಣಿನಡಿ ಹೋಗಿತ್ತು. ಯಾರೋ ಗುದ್ದಲಿಯಲ್ಲಿ ಮಣ್ಣೆಳೆದು ಬಳ್ಳಿಗಳ ಮೇಲೆ ಅಚ್ಚುಕಟ್ಟಾಗಿ ಏರು ಹಾಕಿದ್ದರು. ಹಳದಿ ಹೂವಿನ ತುದಿಗಳು ಅಲ್ಲೊಂದು ಇಲ್ಲೊಂದು ಇಣುಕುತ್ತಿದ್ದವು.

"ಯಾರ ಕೆಲಸ ಇದು?" ಎಂದರು ಮ್ಯಾನೇಜರು.

ಆರೂ ಜನ ಕೈಯ ಕೆಲಸ ಬಿಟ್ಟು ಬಂದು ನಿಂತರು. ಆಮೇಲೆ ಚಿಕ್ಕಮ್ಮ, "ನಾನೇ ಸಾರ್. ನಿನ್ನೆ ಸಂಜೆ ಹಾಕ್ದೆ. ಕಡ್ಲೆ ಗಿಡಕ್ಕೆ ಹೂವ ಬಂದ್ಮೇಲೆ ಮಣ್ಣು ಕೊಡ್ಬೇಕಲ್ವಾ? ಇಲ್ದಿದ್ರೆ ಕಾಯಿ ಇಳಿಯಾಕಿಲ್ಲ" ಎಂದರು.

ಮ್ಯಾನೇಜರು ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನ ಕೆಲಸ ತೂಗಾಡುತ್ತಿತ್ತು. ನಾನು ಬಾಯಿ ತೆರೆದೆ. "ಎಷ್ಟು ಸಲ ಹೇಳಿದ್ದೀನಿ ಜಯಮ್ಮನೋರೇ, ಇದು ಕಡಲೆ ಗಿಡ ಅಲ್ಲ ಅಂತ! ತಲೆ ನೆಟ್ಟಗಿದೆಯಾ ನಿಮಗೆ?"

ಮಗ್ಗದ ಶೆಡ್ಡಿನ ಗಂಟಲು. ಪಾರ್ಕಿನಲ್ಲಿದ್ದವರೂ ತಿರುಗಿ ನೋಡಿದರು. ಚಿಕ್ಕಮ್ಮ ನಲ್ಲಿಯಲ್ಲಿ ಗುದ್ದಲಿ ತೊಳೆದು, ಶೆಡ್ಡಿನೊಳಗೆ ಗೋಡೆಗೆ ಒರಗಿಸಿ, ಊಟದ ಬ್ಯಾಗು ತೆಗೆದುಕೊಂಡು ಹೊರಟರು. ಗೇಟಿನಲ್ಲಿ ತಾವೇ ಬ್ಯಾಗು ತೆರೆದು ತೋರಿಸಿದ್ದು ನನಗೆ ದೂರದಿಂದ ಕಂಡಿತು. ಮಾರನೆಯ ದಿನ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಮಣ್ಣೇನೋ ಮೇಲೆ ಮೇಲೆ ಕೆರೆದು ತೆಗೆಸಿದೆ. ಫೋನು ಮಾಡಲು ಮಾತ್ರ ಧೈರ್ಯವಾಗಲಿಲ್ಲ. ಇಷ್ಟು ವರ್ಷ ಹೊಲ ಮಾಡಿದವರಿಗೆ ಒಂದು ಗಿಡದ ಗುರುತು ಸಿಗಲಿಲ್ಲವೇ? ವಯಸ್ಸಿಗೆ ಮರೆವೇನಾದರೂ ಶುರುವಾಯಿತೇ? ಹಾಗಿದ್ದರೆ ನಾನು ಆಡಿದ್ದು ಇನ್ನೂ ಕೆಟ್ಟ ಮಾತಾಯಿತಲ್ಲ? ಹೀಗೆ ಗೊಂದಲದಲ್ಲೇ ಮೂರು ತಿಂಗಳು ಕಳೆಯಿತು.

ಆಮೇಲೆ ಆಫೀಸಿನ ಮುಂದೆ ಕೇಬಲ್ ಹಾಕಲು ಕಾಲುವೆ ತೋಡಿದರು, ಸರಿಯಾಗಿ ಅದೇ ಜಾಗದಲ್ಲಿ. ಅಗೆದ ಮಣ್ಣಿನಲ್ಲಿ ಬೇರಿನ ಜೊತೆ ಏನೋ ಸಣ್ಣಗೆ ಬೆಳ್ಳಗೆ ಕಂಡಿತು. ಕೈಯಲ್ಲಿ ಉಜ್ಜಿದೆ. ಕಾಯಿ! ನಮ್ಮ ಕಡಲೆಕಾಯಿಯ ಅರ್ಧದಷ್ಟು, ಒಂದೊಂದರಲ್ಲಿ ಒಂದೇ ಬೀಜ. ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡೆ. ಕಡಲೆಯ ರುಚಿಯೋ ಮಣ್ಣಿನ ರುಚಿಯೋ ತಿಳಿಯಲಿಲ್ಲ. ಆದರೆ ಚಿಕ್ಕಮ್ಮ ಹೇಳಿದ್ದು ನಿಜವಾಗಿತ್ತು. ನೆಟ್ಟಗಿಲ್ಲದ್ದು ನನ್ನ ತಲೆ.

ಸಿಕ್ಕ ಹನ್ನೊಂದು ಕಾಯಿಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಭಾನುವಾರ ತೂಬಗೆರೆಯ ಬಸ್ಸು ಹತ್ತಿದೆ. ಒಂದು ಎಲೆಯೂ ಗೇಟು ದಾಟಬಾರದೆಂಬ ಅಪ್ಪಣೆ ಸೂಪರ್‌ವೈಸರಿಗೂ ಸಲ್ಲುತ್ತದೆಂಬುದು ಬಸ್ಸು ಹೊರಟ ಮೇಲೆ ನೆನಪಾಯಿತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಚಿಕ್ಕಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. "ಬಂದ್ಯಾ? ಕೂತ್ಕೋ" ಎಂದರು, ನಿನ್ನೆ ತಾನೇ ನೋಡಿದವರಂತೆ. ನಾನು ಕರ್ಚೀಫು ಬಿಚ್ಚಿ, "ಚಿಕ್ಕಮ್ಮಾ, ನೀವು ಹೇಳಿದ್ದೇ ಸರಿ. ತಪ್ಪಾಯ್ತು. ಇದು ಕಡಲೆ ಗಿಡಾನೇ" ಎಂದೆ.

ಅವರು ಒಂದು ಕಾಯಿ ಎತ್ತಿ ನೋಡಿ ವಾಪಸು ಇಟ್ಟರು. "ಇದು ಕಡ್ಲೆಕಾಯ್ ಅಲ್ಲ ಕಣಪ್ಪಾ."

"ಅಂದ್ರೆ?"

"ನೆಟ್ಟ ವಾರಕ್ಕೇ ಗೊತ್ತಾಯ್ತು ನಂಗೆ. ಕಡ್ಲೆ ಗಿಡ ಎಲ್ಲಾರಾ ಹಿಂಗೆ ನೆಲಕ್ಕಂಟ್ಕೊಂಡು ಓಡ್ತದಾ?"

"ಮತ್ತೆ ಮಣ್ಣು ಯಾಕೆ ಏರಿಸಿದ್ರಿ?"

"ಬಾ" ಎಂದು ಹಿತ್ತಿಲಿಗೆ ಕರೆದುಕೊಂಡು ಹೋದರು. ಹೊಲದ ಬದುವಿನ ಮೇಲೆ, ಒಂದು ಹತ್ತು ಹೆಜ್ಜೆಯಷ್ಟು ಉದ್ದಕ್ಕೆ, ಅದೇ ಹಸಿರು ಹಾಸು, ಅದೇ ಹಳದಿ ಹೂವು.

ನಡೆದದ್ದು ಇಷ್ಟು. ಕತ್ತರಿಸಿದ ಬಳ್ಳಿ ಒಂದು ದಿನ ಗೊತ್ತಿಲ್ಲದೆ ಅವರ ಸೆರಗಿಗೆ ಸಿಕ್ಕಿಕೊಂಡು ಮನೆಗೆ ಬಂದಿತ್ತು. ಹಸು ಅದನ್ನು ಸೆರಗಿನಿಂದಲೇ ಕಿತ್ತು ತಿಂದಿತಂತೆ. ಅವತ್ತೇ ಚಿಕ್ಕಮ್ಮನಿಗೆ ಇದನ್ನು ಹಸುವಿನ ಮೇವಿಗೆ ಬೆಳೆಸುವ ಆಸೆ ಹುಟ್ಟಿತು. ಬಳ್ಳಿಯ ಗಿಣ್ಣಿನ ಮೇಲೆ ಮಣ್ಣು ಹಾಕಿದರೆ ಬೇರು ಬಿಡುತ್ತದೆ. ಬೇರು ಬಿಟ್ಟ ತುಂಡನ್ನಷ್ಟೇ ಕತ್ತರಿಸಿಕೊಂಡರೆ ತಾಯಿ ಗಿಡಕ್ಕೆ ಏನೂ ಆಗುವುದಿಲ್ಲ. ಪಾರ್ಕಿನ ಮೂಲೆಯಲ್ಲಿ ಮೊದಲು ಹಾಗೆ ಮಾಡಿ, ದಿನಕ್ಕೊಂದೆರಡು ತುಂಡನ್ನು ಮಡಿಲಿನಲ್ಲಿಟ್ಟು ತಂದಿದ್ದರು. ಆಮೇಲೆ ಆಸೆ ಹೆಚ್ಚಾಗಿ ಆಫೀಸಿನ ಮುಂದೆಯೇ ಕೈ ಹಾಕಿದರು.

"ನಂಗೆ ಹೇಳಬಹುದಿತ್ತಲ್ಲ ಚಿಕ್ಕಮ್ಮಾ."

"ಹೇಳಿದ್ರೆ ನೀನು ತಕ್ಕೋ ಅನ್ನಂಗಿಲ್ಲ, ಬ್ಯಾಡ ಅನ್ನಂಗೂ ಇಲ್ಲ. ಸುಮ್ನೆ ಸಿಕ್ಕಾಕ್ಕೊಳ್ತಿದ್ದೆ."

"ಅವತ್ತಾದ್ರೂ..."

"ಅವತ್ತು ಅಷ್ಟು ಜನದ ಮುಂದೆ, ಸೂಪರ್‌ವೈಸರ್ ಚಿಕ್ಕಮ್ಮ ಕದ್ದವ್ಳೆ ಅನ್ನಿಸ್ಕೋಬೇಕಿತ್ತಾ? ಮುದುಕಿ ತಿಳೀದೆ ಮಾಡವ್ಳೆ ಅಂದ್ರೆ ನಿನ್ನ ಕೆಲ್ಸ ಉಳೀತದೆ ಅಂತ ಹಂಗಂದೆ." ಬದುವಿನಿಂದ ಒಂದು ಹಿಡಿ ಸೊಪ್ಪು ಕೊಯ್ದುಕೊಂಡು, "ನೀನು ಹಂಗೆ ಕೂಗ್ತೀಯ ಅಂತ ಅನ್ಕೊಂಡಿರ್ಲಿಲ್ಲ" ಎಂದರು.

ಅಷ್ಟೇ. ಕೊಟ್ಟಿಗೆಗೆ ನಡೆದರು. ನಾನು ಬದುವಿನ ಮೇಲೆ ನಿಂತೇ ಇದ್ದೆ. ಕಾಯಿಗಾಗಿ ಕ್ಷಮೆ ಕೇಳಲು ಬಂದಿದ್ದೆ, ಕಾಯಿ ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದ ಕ್ಷಮೆಗೆ ನನ್ನ ಬಳಿ ಬಾಯಿಪಾಠ ಇರಲಿಲ್ಲ. ಒಳಗೆ ಕರೆದು ಊಟ ಬಡಿಸಿದರು, ಉಂಡೆ. ಆಡಬೇಕಾದ ಮಾತು ಮಾತ್ರ ಆಡದೆ ಬಸ್ಸು ಹತ್ತಿದೆ. ಅದಾಗಿ ಎಂಟೊಂಬತ್ತು ವರ್ಷಗಳಾದವು. ನಾನು ಆ ಕೆಲಸ ಬಿಟ್ಟೂ ಎಷ್ಟೋ ಕಾಲವಾಯಿತು. ಹಬ್ಬಹರಿದಿನಕ್ಕೆ ಹೋಗುತ್ತೇನೆ, ಬರುತ್ತೇನೆ. ಆ ಮಾತು ಮಾತ್ರ ಇಬ್ಬರ ನಡುವೆ ಹಾಗೆಯೇ ಇತ್ತು.

ಹೆಂಡತಿ ಸಸಿ ತಂದ ಶನಿವಾರ ಸಂಜೆ ಚಿಕ್ಕಮ್ಮನಿಗೆ ಫೋನು ಮಾಡಿದೆ, ಇಳಿಜಾರಿನಲ್ಲಿ ಹೇಗೆ ನೆಡಬೇಕೆಂದು ಕೇಳುವ ನೆಪದಲ್ಲಿ. "ಫೋನ್ನಾಗೆ ಹೇಳಾಕಾಗಲ್ಲ" ಎಂದು ಮಾರನೆಯ ದಿನ ತಾವೇ ಬಂದುಬಿಟ್ಟರು. ನಾನು ಅಷ್ಟರಲ್ಲಿ ನೆಟ್ಟಿದ್ದ ಸಾಲನ್ನು ಕೀಳಿಸಿ, ಅಡ್ಡಡ್ಡಲಾಗಿ ನೆಡಿಸಿದರು. ಕೆಲಸ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಕಾಫಿ ಕುಡಿದೆವು.

"ಚಿಕ್ಕಮ್ಮಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು."

"ಯಾವತ್ತಪ್ಪಾ?"

ನಾನು ಅವರ ಮುಖ ನೋಡಿದೆ. ಎಪ್ಪತ್ತು ದಾಟಿದ ಮುಖ. ನಿಜವಾಗಿ ಮರೆತಿದ್ದಾರೋ, ನಾನು ಮರೆಯಲಿ ಎಂದು ಹಾಗೆ ಕೇಳಿದರೋ, ಅದರಿಂದ ಏನೂ ಗೊತ್ತಾಗಲಿಲ್ಲ. ಅವತ್ತು ಆಫೀಸಿನ ಮುಂದೆ ತಿಳಿಯದವರಂತೆ ನಿಂತಾಗಲೂ ಮುಖ ಹೀಗೆಯೇ ಇತ್ತಲ್ಲವೇ? ಬಿಡಿಸಿ ಹೇಳಲೇ, ಸುಮ್ಮನಿರಲೇ ಎಂದು ತೊಳಲಾಡುತ್ತಿರುವಾಗ ಅವರು ಲೋಟ ಕೆಳಗಿಟ್ಟು, ನನ್ನ ಕೈ ಎಳೆದು, ಉಗುರಿನ ಸಂದಿಯ ಮಣ್ಣನ್ನು ತಮ್ಮ ಸೆರಗಿನ ತುದಿಯಿಂದ ಒಂದೊಂದಾಗಿ ತೆಗೆಯತೊಡಗಿದರು. ಅರುವತ್ತರ ಹತ್ತಿರದ ನಾನು, ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರೂ, ಇನ್ನೊಂದು ಕೈಯನ್ನೂ ಮುಂದೆ ಚಾಚಿ ಕುಳಿತೆ.