ಮಾವನ ಎತ್ತಿದ ಬೆರಳು

ನಮ್ಮ ಸೋದರಮಾವನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಕಪಿಲೆ ಬಾವಿಯ ಹಗ್ಗಕ್ಕೆ ಸಿಕ್ಕಿ ಆದದ್ದಂತೆ. ಯಾರಿಗಾದರೂ ಕೆಲಸ ಹೇಳಿದರೆ ಆ ಬೆರಳನ್ನು ಎತ್ತಿ ಹಿಡಿಯುವರು. ಉತ್ತರ ಬರುವ ತನಕ ಇಳಿಸುತ್ತಿರಲಿಲ್ಲ. ಒಂದು ಲೋಟ ನೀರು ಕೇಳಿದರೂ ಅಷ್ಟೇ. ಅಜ್ಜಿಗೆ ರೇಗುತ್ತಿತ್ತು. ಇವನೇನು ವಾದ್ಯಾರೋ, ನಾವೇನು ಪಾಠ ಒಪ್ಪಿಸಬೇಕೋ ಎಂದು ಗೊಣಗುವಳು. ಗೊಣಗುತ್ತಲೇ ನೀರು ತಂದಿಟ್ಟು, ತಂದಿಟ್ಟೆ ಎಂದು ಹೇಳಿಯೇ ಹೋಗುವಳು.

ಅದು ಅವರು ಹೊಲದಿಂದ ತಂದ ಅಭ್ಯಾಸ. ಬೋಡಿ ಎಂಬ ಊರಿನ ಹತ್ತಿರದ ನಮ್ಮ ಅಜ್ಜನ ಹೊಲದಲ್ಲಿ ಬಾವಿಯ ಹತ್ತಿರ ಒಬ್ಬರು ಎತ್ತು ಹೊಡೆದರೆ, ದೂರದಲ್ಲಿ ಇನ್ನೊಬ್ಬರು ಕಾಲುವೆಯ ಮಡೆ, ಅಂದರೆ ಪಾತಿಗೆ ನೀರು ಬಿಡುವ ಬಾಯಿ, ತಿರುಗಿಸಬೇಕು. ಬಾವಿಯವರು ಕೂಗುತ್ತಾರೆ, ಮಡೆಯವರು ಮರುಕೂಗು ಕೊಡುತ್ತಾರೆ. ತಿರುಗಿಸಿದೆ ಎಂದು ಕೂಗಿದರೆ ಅಜ್ಜ ಒಪ್ಪುತ್ತಿರಲಿಲ್ಲವಂತೆ. ಹೊಸ ಪಾತಿಗೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡು, ನೀರು ಬಂತು ಎಂದು ಕೂಗಬೇಕು. ಆಮೇಲೆಯೇ ಮುಂದಿನ ಮಾತು.

ಮಾವ ಓದಿ, ಉತ್ತರದ ಯಾವುದೋ ಊರಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದರು. ಕಣ್ಣಿಗೆ ಕಾಣದ ಕಣಗಳನ್ನು ಭಯಂಕರ ವೇಗದಲ್ಲಿ ಓಡಿಸುವ ದೊಡ್ಡ ಯಂತ್ರ ಅಲ್ಲಿತ್ತು. ಅದನ್ನು ನಡೆಸಲು ನಾಲ್ಕು ಜನ ಗುಂಡಿ ಒತ್ತುತ್ತಾ, ಮುಳ್ಳು ನೋಡುತ್ತಾ ಒದ್ದಾಡುತ್ತಿದ್ದರು. ಅದರ ಬದಲು ಕೆಲಸಗಳನ್ನು ಒಂದರ ಕೆಳಗೊಂದು ಬರೆದು, ಕಾಗದದ ಸುರುಳಿಯಲ್ಲಿ ತೂತು ಹೊಡೆದು ಕೊಟ್ಟರೆ ಯಂತ್ರವೇ ಓದಿಕೊಂಡು ಮಾಡುವ ಏರ್ಪಾಡು ಆಗ ಶುರುವಾಗಿತ್ತು. ಹಾಗೆ ಬರೆಯಲು ಒಂದು ಭಾಷೆ ಬೇಕಲ್ಲ? ಅದನ್ನು ಮಾಡಿದ್ದು ಮಾವ. ಒಟ್ಟು ಹದಿನೈದು ಪದ. ತೆರೆ, ಮುಚ್ಚು, ಏರಿಸು, ಇಳಿಸು, ಹೀಗೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನನಗೆ ನಮ್ಮ ಮನೆಮಾತಿನಲ್ಲಿ ಓದಿ ಹೇಳಿದ್ದರು. ಪ್ರತಿ ಸಾಲಿನ ಕೊನೆಗೂ ಒಂದು ಪದ: ನೋಡು. ಹೇಳಿದ ಕೆಲಸ ನಿಜವಾಗಿ ಆಯಿತು ಎಂಬ ಉತ್ತರ ಬರುವವರೆಗೆ ಯಂತ್ರ ಮುಂದಿನ ಸಾಲಿಗೆ ಹೋಗಕೂಡದು. ಇದು ನಮ್ಮಜ್ಜನ ಮಡೆಯಲ್ಲವೇ ಎಂದು ಕೇಳಿದ್ದಕ್ಕೆ ಮಾವ ನಾಚಿಕೊಂಡರು.

ಒಂದು ಸಲ ಅವರು ಕಾಮಾಲೆ ಹಿಡಿದು, ರಜೆ ಹಾಕಿ, ದಿಂಡಿಗಲ್ಲಿನ ನಮ್ಮ ಮನೆಯಲ್ಲಿ ಇದ್ದರು. ನಮ್ಮ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಬೀಗ ಮಾಡುವವರು ಅರ ಹಾಕುವ ಸದ್ದು. ಆ ಗಲಾಟೆಯಲ್ಲೇ ಮಲಗಿಕೊಂಡು ಆ ಯಂತ್ರಕ್ಕೆ ಕೊಡುವ ನೂರಹತ್ತು ಸಾಲಿನ ಪಟ್ಟಿಯೊಂದನ್ನು ಬರೆದು ಮುಗಿಸಿದರು. ಪ್ರಯೋಗಾಲಯದವರು ಸ್ವಚ್ಛವಾದ ಪ್ರತಿ ಕೇಳಿದ್ದರು. ನಾನು ಆಗಷ್ಟೇ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ; ಜಂಬಕ್ಕೇನು ಕಡಿಮೆಯಿರಲಿಲ್ಲ. ನಾನೇ ಹೊಡೆದುಕೊಡುತ್ತೇನೆ ಎಂದು ಕಸಿದುಕೊಂಡು ಹೋದೆ.

ಟೈಪಿಂಗ್ ಕಲಿಸುವ ಕಡೆ ಒಂದು ಶಿಸ್ತಿತ್ತು. ಮೇಲಿನ ಸಾಲಿನಲ್ಲಿರುವ ಪದವೇ ಕೆಳಗಿನ ಸಾಲಿನಲ್ಲೂ ಅದೇ ಜಾಗದಲ್ಲಿ ಬಂದರೆ ಮತ್ತೆ ಹೊಡೆಯಬಾರದು, ಡಿಟೋ ಹಾಕಬೇಕು: ಎರಡು ಪುಟ್ಟ ಗೀಟು. ನಾನು ಮೊದಲ ಸಾಲಿಗೆ 'ನೋಡು' ಹೊಡೆದೆ. ಉಳಿದ ನೂರೊಂಬತ್ತಕ್ಕೂ ಡಿಟೋ. ಹಾಳೆ ಎಷ್ಟು ಅಂದವಾಗಿತ್ತೆಂದರೆ ಅಮ್ಮ ಪಕ್ಕದ ಮನೆಯವರಿಗೂ ತೋರಿಸಿಕೊಂಡು ಬಂದಳು. ಮಾವ ಮೊದಲಿನಿಂದ ಕೊನೆಯವರೆಗೆ ಓದಿ, ಭೇಷ್ ಎಂದು ಸಹಿ ಹಾಕಿ, ಅಂಚೆಗೆ ಕೊಟ್ಟರು.

ಅಲ್ಲಿ ಸುರುಳಿಗೆ ತೂತು ಹೊಡೆಯುವ ಯಂತ್ರದಲ್ಲಿ ಡಿಟೋಗೆ ಗುಂಡಿಯೇ ಇರಲಿಲ್ಲ. ಹೊಡೆಯುವವನು ಗೀಟುಗಳನ್ನು ಬಿಟ್ಟು ಉಳಿದದ್ದನ್ನು ಹೊಡೆದ. ಮೂರು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಹೇಳಿದ್ದೆಲ್ಲ ಆಗುತ್ತಿರುವಾಗ ಯಾರೂ ನೋಡುತ್ತಿಲ್ಲ ಎಂಬುದು ಗೊತ್ತಾಗುವುದಾದರೂ ಹೇಗೆ? ಒಂದು ಬೆಳಿಗ್ಗೆ ಯಂತ್ರದ ಕೋಣೆಯನ್ನು ಒರೆಸುತ್ತಿದ್ದವನು ಬಾಗಿಲಿಗೆ ಸ್ಟೂಲು ಅಡ್ಡ ಕೊಟ್ಟಿದ್ದ. ಹೊರಗಿನವರು ಒಳಗೆ ಯಾರೂ ಇಲ್ಲವೆಂದು ಸುರುಳಿ ಹಾಕಿದರು. ಬಾಗಿಲು ಮುಚ್ಚು ಎಂಬ ಸಾಲು ಹೋಯಿತು. ಬಾಗಿಲು ಸ್ಟೂಲಿಗೆ ತಾಗಿ ನಿಂತಿತು. ವಿದ್ಯುತ್ತು ಏರಿಸು ಎಂಬ ಸಾಲೂ ಹಿಂದೆಯೇ ಹೋಯಿತು. ಆ ಮನುಷ್ಯ ವಿದ್ಯುತ್ತು ತಗುಲಿ ಅಲ್ಲೇ ಸತ್ತ. ಅವನ ಹೆಸರನ್ನು ಮಾವ ನನಗೆ ಒಂದೇ ಸಲ ಹೇಳಿದರು. ನಾನು ಮರೆತಿಲ್ಲ.

ಪ್ರಯೋಗಾಲಯದಿಂದ ತಂತಿ ಬಂದು, ಕಾಮಾಲೆ ಪೂರ್ತಿ ವಾಸಿಯಾಗುವ ಮೊದಲೇ ಮಾವ ಹೊರಟುಹೋದರು. ಎರಡು ತಿಂಗಳಿಗೆ, ವಿಚಾರಣೆ ಮುಗಿದು, ಟ್ರಂಕಿನೊಂದಿಗೆ ತಿರುಗಿ ಬಂದರು. ಕೆಲಸ ಹೋಗಿತ್ತು. ಅಮ್ಮ ಅಡುಗೆಮನೆಯಲ್ಲಿದ್ದಾಗ ನನ್ನನ್ನು ಕರೆದು, ಮಡಚಿದ ಹಾಳೆಯನ್ನು ಬಿಡಿಸಿದರು. ನನ್ನ ಅಂದವಾದ ಹಾಳೆ. ನಡೆದದ್ದನ್ನೆಲ್ಲ ಮೆತ್ತಗೆ ಹೇಳಿದರು. ಇದು ನಾನು ಮಾಡಿದ್ದು ಎಂದು ವಿಚಾರಣೆಯಲ್ಲಿ ಹೇಳಿದಿರಾ ಎಂದು ಕೇಳಿದೆ. ಇಲ್ಲ, ಟೈಪು ಮಾಡಿದವನು ತಾನೇ ಎಂದು ಬರೆದುಕೊಟ್ಟಿದ್ದರಂತೆ.

"ನಾನ್ ಓದಿ ಸಹಿ ಹಾಕ್ದೋನು, ತಾಯಿ. ನನ್ ಕಣ್ಗೂ ಅದು ಸರಿಯಾಗೇ ಕಂಡ್ತು. ನೀ ಇದ್ನ ಎಲ್ಲೂ ಬಾಯ್ ಬಿಡ್ಬೇಡ."

ಬೆರಳು ಎತ್ತಿ ಹಿಡಿದರು. ನಾನು ಅಳುತ್ತಾ ಕೂತೆ. ಬೆರಳು ಇಳಿಯಲಿಲ್ಲ. ಕೊನೆಗೆ, "ಬಿಡಲ್ಲ, ಮಾವ" ಎಂದೆ. ಆಗ ಇಳಿಸಿದರು.

ಮುಂದಿನ ವರ್ಷ ನನಗೆ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ನಾಚಿಕೆಗೆಟ್ಟು ಸೇರಿಕೊಂಡೆ. ಮಾವ ಬೋಡಿಯ ಏಲಕ್ಕಿ ಮಂಡಿಯಲ್ಲಿ ಜರಡಿ ಹಿಡಿಸುವ ಮೇಸ್ತ್ರಿಯಾದರು. ಹದಿನೈದು ಪದಗಳ ಭಾಷೆ ಮಾಡಿದವರು ಹಸಿರು ಕಾಯಿ ಬೇರೆ, ಬಿಳಚಿದ ಕಾಯಿ ಬೇರೆ ಎಂದು ಹೇಳುತ್ತಾ ನಿಲ್ಲುವರು. ಮದುವೆ ಮಾತು ಎತ್ತಿದವರ ಬಾಯಿ ಮುಚ್ಚಿಸುವರು. ಸಾಯಂಕಾಲ ಮಂಡಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವರು. ಬೀದಿಯ ತಿರುವಿನಿಂದ ವಾಪಸು ಬಂದು ಮತ್ತೆ ಜಗ್ಗುವರು. ಜನ ನಗುತ್ತಿದ್ದರು.

ಯಾರ ಮೇಲೂ ನಂಜಿಲ್ಲದ ಆ ಮನುಷ್ಯನಿಗೆ ಕೊನೆಗೆ ಲಿವರೇ ಮುಳುವಾಯಿತು. ಕಾಮಾಲೆಗೆ ಪಥ್ಯ ಮಾಡಬೇಕಾದ ತಿಂಗಳುಗಳನ್ನು ವಿಚಾರಣೆಯ ಕಚೇರಿಯ ಮೆಟ್ಟಿಲ ಮೇಲೆ ಕಳೆದಿದ್ದರಲ್ಲ, ಆ ರೋಗ ಒಳಗೇ ಉಳಿದಿತ್ತು. ಹೊಟ್ಟೆ ಊದಿಕೊಂಡಿತು. ನಾನು ರಜೆ ಹಾಕಿ ಬೋಡಿಗೆ ಹೋದೆ. ಅದು ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ಚಾಪೆಯ ಮೇಲೆ ಮಲಗಿದ್ದವರು ಕಣ್ಣು ತೆರೆದರು.

"ಕದ ಮುಚ್ದ್ಯಾ?"

"ಮುಚ್ದೆ, ಮಾವ."

"ನೋಡ್ದ್ಯಾ?"

ಬೆರಳು ಎದ್ದಿತು, ಮೊಣಕೈ ಮಾತ್ರ ಚಾಪೆಗೆ ಊರಿತ್ತು. ಸುಮ್ಮನೆ ಹೂಂ ಎನ್ನಬಹುದಿತ್ತು. ಈ ಮನುಷ್ಯನ ಹತ್ತಿರ ಇನ್ನೊಂದು ಸಲ ನೋಡದೆ ಹೇಳಲು ನನ್ನಿಂದಾಗಲಿಲ್ಲ. ಎದ್ದು ನಡುಮನೆ ದಾಟಿ ಹೋಗಿ, ಬಾಗಿಲನ್ನು ಜಗ್ಗಿ, ಅಗುಳಿಯನ್ನು ಮುಟ್ಟಿ ನೋಡಿ ಬಂದೆ.

"ನೋಡ್ದೆ, ಮಾವ" ಎಂದೆ.

ಬೆರಳು ಆಗಲೇ ಚಾಪೆಯ ಮೇಲೆ ಬಿದ್ದಿತ್ತು, ಉಸಿರು ನಿಂತಿತ್ತು. ಉತ್ತರ ಬರುವ ಮೊದಲೇ ಅವರು ಬೆರಳು ಇಳಿಸಿದ್ದು ಅದೊಂದೇ ಸಲ. ಬಾಯಿ ಬಿಡುವುದಿಲ್ಲ ಎಂದು ಕೊಟ್ಟ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದೆ. ಇವತ್ತು ಮುರಿದಿದ್ದೇನೆ. ಆ ಹಾಳೆಯನ್ನು ಟೈಪು ಮಾಡಿದವಳು ನಾನು.