ಹೊರಗುಳಿದ ಒಂದು ಸಾಲು

ಅಕ್ಕಾ, ಆ ಚಳಿಗಾಲದಲ್ಲಿ ನಿನ್ನನ್ನು ಕೇಳಿಕೊಂಡು ಒಂದೇ ಒಂದು ಫೋನೂ ಬರದಂತೆ ಮಾಡಿದವಳು ನಾನು. ಗ್ರಹಗತಿಯಲ್ಲ, ನಿನ್ನ ಬಣ್ಣವಲ್ಲ, ತಾಯಿಯಿಲ್ಲದ ಮನೆಯ ಹುಡುಗಿ ಎಂಬ ಕಾರಣವೂ ಅಲ್ಲ—ನಾನು. ನಿನ್ನ ತಂಗಿ ರೂಪಾ. ಇದನ್ನು ಹೇಳಲೆಂದು ಎಷ್ಟೋ ಸಲ ಫೋನಿನಲ್ಲಿ ಬಾಯಿ ತೆರೆದಿದ್ದೆ. ನೀನು ಊಟ ಆಯ್ತೇನೇ ಎಂದು ಕೇಳಿದ ಕೂಡಲೇ ಮಾತು ಅಡುಗೆಯ ಕಡೆಗೆ ತಿರುಗುತ್ತಿತ್ತು. ತಿರುಗಿಸುತ್ತಿದ್ದವಳೂ ನಾನೇ ಅನ್ನು.

೨೦೦೪ರ ಸುಮಾರು ಇರಬೇಕು. ನಾನು ವಿಜಯನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲಿದ್ದ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಸೇರಿದ್ದೆ. ಸಂಜೆ ಮೂಡಲಪಾಳ್ಯದ ಮನೆಗೆ ಬಂದರೆ ನನ್ನ ಬಟ್ಟೆಯಿಂದ ಬನ್ನಿನ ವಾಸನೆ ಬರುತ್ತದೆ ಎಂದು ನೀನು ನಗುತ್ತಿದ್ದೆ. ಬಸವೇಶ್ವರನಗರದಲ್ಲಿ ಶಾರದಮ್ಮ ಎಂಬುವರು ನಡೆಸುತ್ತಿದ್ದ ವಧೂವರರ ಕೇಂದ್ರದ ಕೆಲಸ ನಮಗೆ ಬಂತು. ಅವರ ಹಳೇ ಕಂಪ್ಯೂಟರಿನಲ್ಲಿದ್ದ ಹುಡುಗ ಹುಡುಗಿಯರ ವಿವರವನ್ನೆಲ್ಲ ಹೊಸ ವೆಬ್‌ಸೈಟಿಗೆ ಸಾಗಿಸಬೇಕು. ಅಪ್ಪ ನಿನ್ನನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿದ್ದೂ ಅಲ್ಲೇ. ಮನೆಯಲ್ಲಿ ಸಂಭ್ರಮವೋ ಸಂಭ್ರಮ—ಮಂಜುಳಾ ಮದುವೆ ನಮ್ಮ ರೂಪಾ ಕೈಯಲ್ಲೇ ಆಗುತ್ತದೆ ಎಂದು ಅಪ್ಪ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಕೆಲಸ ಎಂಥದ್ದೆಂದು ನಿನಗೆ ಆಗ ಹೇಳಿರಲಿಲ್ಲ. ಈಗ ಹೇಳಬೇಕು, ಇಲ್ಲದಿದ್ದರೆ ಎಷ್ಟು ಸಣ್ಣ ಜಾಗದಲ್ಲಿ ನಾನು ನಿನ್ನನ್ನು ಕಳೆದೆ ಎಂದು ತಿಳಿಯುವುದಿಲ್ಲ. ಆ ಹಳೇ ಫೈಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ನಡುವೆ ಗೆರೆಯಿಲ್ಲ, ಚುಕ್ಕಿಯಿಲ್ಲ. ಮೊದಲ ಇಷ್ಟು ಅಕ್ಷರ ಹೆಸರಿಗೆ, ಆಮೇಲಿನ ಇಷ್ಟು ನಕ್ಷತ್ರಕ್ಕೆ, ಆಮೇಲೆ ಹುಟ್ಟಿದ ದಿನ, ಓದು, ಫೋನ್ ನಂಬರು. ಹೆಸರು ಚಿಕ್ಕದಾದರೆ ಉಳಿದ ಜಾಗ ಖಾಲಿ ಇರಬೇಕು—ಬಸ್ಸಿನಲ್ಲಿ ಹೆಂಗಸರ ಸೀಟು ಇರುವ ಹಾಗೆ, ಯಾರೂ ಕೂರದಿದ್ದರೂ ಜಾಗ ಅವರದ್ದೇ. ನನ್ನ ಪ್ರೋಗ್ರಾಮ್ ಪ್ರತಿ ಸಾಲನ್ನೂ ಎಣಿಸಿ ಕತ್ತರಿಸಿ, ತುಂಡುಗಳನ್ನು ಆಬ್ಜೆಕ್ಟ್ ಎಂಬ ಒಂದು ಡಬ್ಬಿಯಂಥದ್ದರೊಳಗೆ ತುಂಬುತ್ತಿತ್ತು. ಒಂದು ಸಾಲು, ಒಂದು ಆಬ್ಜೆಕ್ಟ್, ಒಬ್ಬ ವಧು ಇಲ್ಲವೇ ಒಬ್ಬ ವರ. ಹಾಗೆ ತುಂಬಿಕೊಂಡವರು ಮಾತ್ರ ವೆಬ್‌ಸೈಟಿನಲ್ಲಿ ಕಾಣಿಸುತ್ತಿದ್ದರು.

ಆದರೆ ಶಾರದಮ್ಮನವರಿಗೆ ಒಂದು ಅಭ್ಯಾಸವಿತ್ತು. ಹಳೇ ಪ್ರೋಗ್ರಾಮಿನಲ್ಲಿ ಟಿಪ್ಪಣಿಗೆ ಜಾಗವೇ ಇರಲಿಲ್ಲವಾದ್ದರಿಂದ, ಅವರು ಫೈಲನ್ನೇ ತೆರೆದು, ಕರ್ಸರ್ ನಿಂತಲ್ಲೇ ತಮಗೆ ತೋಚಿದ್ದನ್ನು ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ ಕುಟ್ಟಿಬಿಡುತ್ತಿದ್ದರು. ‘ಆಷಾಢ ಕಳೀಲಿ.’ ‘ಅತ್ತೆ ಜೋರು.’ ‘ಕುಜದೋಷ ಇದೆ, ಕೇಳಿದರೆ ಮಾತ್ರ ಹೇಳುವುದು.’ ಆಫೀಸಿನಲ್ಲಿ ನಾವು ಓದಿ ಓದಿ ನಗುತ್ತಿದ್ದೆವು. ಹಾಗೆ ನಡುವೆ ಸೇರಿಸಿದರೆ ಅದರ ಆಚೆಗಿದ್ದುದೆಲ್ಲ ಬಲಕ್ಕೆ ಸರಿದು, ಹುಟ್ಟಿದ ದಿನದ ಜಾಗದಲ್ಲಿ ಅತ್ತೆ ಬಂದು ಕೂರುತ್ತಿದ್ದಳು. ಅಂಥ ಸಾಲನ್ನು ಪ್ರೋಗ್ರಾಮ್ ಒಪ್ಪದೆ ಬೇರೊಂದು ಫೈಲಿಗೆ ತಳ್ಳುತ್ತಿತ್ತು. ಅವನ್ನು ಒಂದೊಂದಾಗಿ ತೆರೆದು, ಟಿಪ್ಪಣಿ ಅಳಿಸಿ, ಎಲ್ಲವನ್ನೂ ಅದರದರ ಜಾಗಕ್ಕೆ ಎಳೆದು ಮತ್ತೆ ಒಳಗೆ ಕಳಿಸುವುದು ನನ್ನ ಪಾಲಿನ ಕೆಲಸ.

ಆ ತಳ್ಳಿಸಿಕೊಂಡ ಸಾಲುಗಳ ನಡುವೆ ನೀನೂ ಇದ್ದೆ. ನಿನ್ನ ಹೆಸರಿನ ಪಕ್ಕದಲ್ಲೇ ಶಾರದಮ್ಮ ಏನೋ ಸೇರಿಸಿದ್ದರು. ಏನೆಂದು ಕೊನೆಗೆ ಹೇಳುತ್ತೇನೆ—ಈಗಲೇ ಬರೆದರೆ ಮುಂದಿನದನ್ನು ಬರೆಯಲಾರೆ. ಅದರಿಂದ ನಿನ್ನ ರೋಹಿಣಿ ನಕ್ಷತ್ರ ಎಲ್ಲಿಗೋ ಹೋಗಿತ್ತು, ಫೋನ್ ನಂಬರಿನ ಬಾಲ ಸಾಲಿನಿಂದಾಚೆ ಬಿದ್ದಿತ್ತು. ಅಳಿಸುವ ಕೀಲಿಯನ್ನು ಒಂದಿಷ್ಟು ಸಲ ಒತ್ತಿದ್ದರೆ ಸಾಕಿತ್ತು. ಬೆರಳು ಅದರ ಮೇಲೇ ಇತ್ತು. ಆಗ ಬೆಳಿಗ್ಗೆಯ ನೀನು ಕಣ್ಣ ಮುಂದೆ ಬಂದೆ—ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು, ನನಗೆ ಜಡೆ ಹಾಕುತ್ತಿದ್ದವಳು. ಕೆಲಸಕ್ಕೆ ಹೋಗುವಷ್ಟು ದೊಡ್ಡವಳಾದರೂ ಇವಳಿಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲ ಎಂದು ನೀನು ಅಪ್ಪನ ಹತ್ತಿರ ದೂರುತ್ತಿದ್ದೆ. ಬರುತ್ತಿತ್ತು ಅಕ್ಕ. ಬರುವುದಿಲ್ಲ ಅಂದಿದ್ದೆ, ಅಷ್ಟೆ. ಅಮ್ಮ ಹೋದ ಮೇಲೆ ನನ್ನ ತಲೆ ಮುಟ್ಟುವ ಕೈ ಇನ್ನೊಂದಿರಲಿಲ್ಲ. ನೀನು ಹೋಗಿಬಿಟ್ಟರೆ—ಅದರ ಮುಂದಕ್ಕೆ ಯೋಚಿಸಲು ನನ್ನಿಂದ ಆಗಲಿಲ್ಲ.

ನಾಳೆ ಮಾಡಿದರಾಯಿತು ಅಂದುಕೊಂಡೆ. ಮಿಕ್ಕವರನ್ನೆಲ್ಲ ಸರಿಮಾಡಿದೆ. ಜೋರು ಅತ್ತೆಯ ಮನೆಯವನೂ ಒಳಗೆ ಹೋದ, ಕುಜದೋಷದವಳೂ ಹೋದಳು. ವೆಬ್‌ಸೈಟ್ ಶುರುವಾಗುವ ದಿನ ನಮ್ಮ ಸಾರ್ ಎಲ್ಲಾ ಆಯ್ತೇನಮ್ಮ ಎಂದು ಕೇಳಿದರು. ಆಯ್ತು ಸಾರ್ ಅಂದೆ. ತಳ್ಳಿಸಿಕೊಂಡವರ ಆ ಫೈಲನ್ನು ಅಳಿಸಿದೆ. ಅಳಿಸುವಾಗ ಅದರಲ್ಲಿ ಉಳಿದಿದ್ದವಳು ನೀನೊಬ್ಬಳೇ. ಮರೆತು ಮಾಡಿದ್ದಲ್ಲ. ನಾಳೆ ಎಂಬುದು ನನಗೆ ನಾನೇ ಹೇಳಿಕೊಂಡ ಸುಳ್ಳು.

ಆಮೇಲೆ ಆ ಭಾನುವಾರಗಳು—ಗಂಡಿನ ಕಡೆಯವರು ಭಾನುವಾರ ಬೆಳಿಗ್ಗೆಯೇ ಫೋನ್ ಮಾಡುವುದು ಎಂದು ಶಾರದಮ್ಮ ಹೇಳಿದ್ದರಲ್ಲ. ನೀನು ಬೇಗ ಸ್ನಾನ ಮುಗಿಸಿ, ತಿಳಿಹಸಿರು ಸೀರೆ ಉಟ್ಟು, ಫೋನ್ ಇಟ್ಟಿದ್ದ ಸ್ಟೂಲಿನ ಪಕ್ಕದಲ್ಲೇ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಕೂರುತ್ತಿದ್ದೆ. ಮನೆ ತುಂಬ ಅವರೆಯ ಸೊಗಡು. ನೆನೆಸಿದ ಕಾಳು ಹಿತುಕುತ್ತಾ ಇರುವಾಗ ಫೋನ್ ರಿಂಗಾದರೆ ಸೆರಗಿಗೆ ಕೈ ಒರೆಸಿಕೊಂಡು ತಟ್ಟನೆ ಏಳುತ್ತಿದ್ದೆ. ಆದರೆ ನೀನೇ ಎತ್ತುತ್ತಿರಲಿಲ್ಲ, ಅಪ್ಪನನ್ನು ಕರೆಯುತ್ತಿದ್ದೆ. ಗ್ಯಾಸ್ ಏಜೆನ್ಸಿಯವರು. ಇಲ್ಲವೇ ರಾಂಗ್ ನಂಬರ್. ಮತ್ತೆ ಕುಳಿತು ಕಾಳಿಗೆ ಕೈ ಹಾಕುತ್ತಿದ್ದೆ. ನಿನ್ನ ಆಸೆಯನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದವಳು ನಾನು. ನೋಡುತ್ತಲೇ, ಮಧ್ಯಾಹ್ನ ಹಿತುಕಿದ ಬೇಳೆ ಸಾರಿಗೆ ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಶಾರದಮ್ಮನವರನ್ನು ವಿಚಾರಿಸಿದರು. ಈಗ ಎಲ್ಲಾ ಕಂಪ್ಯೂಟರಿನಲ್ಲೇ, ಬೇಕಾದವರು ಅವರೇ ನೋಡಿ ಕರೆಯುತ್ತಾರೆ, ನಿಮ್ಮ ಚಿಕ್ಕ ಮಗಳನ್ನೇ ಕೇಳಿ ಅಂದರಂತೆ. ಅಪ್ಪ ನನ್ನನ್ನು ಕೇಳಿದಾಗ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಮಂಜುಳಂದು ಸರಿಯಾಗಿ ಹಾಕಿದೀಯೇನಮ್ಮ? ಒಂದ್ಸಲ ನೋಡು.”

“ನೋಡ್ದೆ ಅಪ್ಪ. ಎಲ್ಲಾ ಸರಿಯಾಗೇ ಇದೆ. ಯಾರೂ ಕೇಳಿಲ್ಲ ಅಷ್ಟೆ.”

ಸಾಲು ಬಿಟ್ಟಿದ್ದು ಒಂದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡದು, ನೀನು ಕೇಳಿಸಿಕೊಳ್ಳುತ್ತಿದ್ದೀ ಎಂದು ಗೊತ್ತಿದ್ದೇ ಆಡಿದ್ದು. ನೀನು ಒಳಗೆ ಹೋದೆ, ಒಗ್ಗರಣೆಯ ಸದ್ದು ಕೇಳಿತು. ಮುಂದಿನ ಭಾನುವಾರ ತಿಳಿಹಸಿರು ಸೀರೆ ಬೀರು ಸೇರಿತ್ತು. ನೀನು ಹಳೇ ನೈಟಿಯಲ್ಲೇ ಮನೆ ಗುಡಿಸುತ್ತಿದ್ದೆ. ಫೋನ್ ರಿಂಗಾದರೂ ತಿರುಗಿ ನೋಡಲಿಲ್ಲ. ಅವತ್ತಾದರೂ ನಾನು ಸರಿಮಾಡಬಹುದಿತ್ತು. ಹೊಸದಾಗಿ ನಿನ್ನ ಹೆಸರು ಸೇರಿಸುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಆದರೆ ಸೇರಿಸಿದ ಮರುದಿನವೇ ಫೋನ್ ಬಂದುಬಿಟ್ಟರೆ? ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿದರೆ? ನಿನ್ನ ಬದುಕಿಗಿಂತ ನನ್ನ ಮರ್ಯಾದೆ ದೊಡ್ಡದಾಗಿ ಕಂಡಿತು.

ಬೇಸಿಗೆಯ ಹೊತ್ತಿಗೆ ನೀನು ಬಾಗಲಕೋಟೆ ಕಡೆಯ ಒಂದು ವಸತಿ ಶಾಲೆಯ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ, ಆರ್ಡರನ್ನೂ ತರಿಸಿಕೊಂಡಿದ್ದೆ. ಅಪ್ಪ ಬೇಡವೇ ಬೇಡ ಅಂದರು. ನೀನು ಜಗಳವಾಡಲಿಲ್ಲ.

“ಬಿಡಪ್ಪ. ಯಾರಿಗೂ ಬೇಡದವಳು ಇಲ್ಲೇ ಕೂತು ಏನ್ ಮಾಡ್ಲಿ? ನಾಳೆ ರೂಪಿಗೂ ನಾನೇ ಅಡ್ಡ ಆಗ್ತೀನಿ.”

ನಿನ್ನನ್ನು ಮನೆಯಲ್ಲೇ ಉಳಿಸಿಕೊಳ್ಳಲು ಏನು ಮಾಡಿದೆನೋ ಅದೇ ನಿನ್ನನ್ನು ಅಷ್ಟು ದೂರ ಕಳಿಸಿತು. ನೀನು ಹೋದ ಮರುದಿನ ಕನ್ನಡಿಯ ಮುಂದೆ ಕುಳಿತು ನಾನೇ ಜಡೆ ಹಾಕಿಕೊಂಡೆ. ಚೆನ್ನಾಗಿಯೇ ಬಂತು. ಬಿಚ್ಚಿಹಾಕಿ ಅತ್ತುಬಿಟ್ಟೆ.

ಒಂದೆರಡು ವರ್ಷಕ್ಕೆ ಅಪ್ಪ ನನ್ನ ಹೆಸರನ್ನೂ ಅಲ್ಲೇ ಸೇರಿಸಲು ಹೇಳಿದರು. ನನ್ನ ವಿವರವನ್ನು ನಾನೇ ತುಂಬಿದೆ, ಒಂದಕ್ಷರ ಆಚೀಚೆಯಾಗದಂತೆ ನೋಡಿ ನೋಡಿ. ಸಂಬಂಧ ಬೇಗ ಕುದುರಿತು. ಮದುವೆಯ ಬೆಳಿಗ್ಗೆ ನನಗೆ ತಲೆ ಬಾಚಿ ಹೂ ಮುಡಿಸಿದವಳು ನೀನೇ. ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, “ನಿಂಗಾದ್ರೂ ಬೇಗ ಬಂತಲ್ಲ ಕಣೇ,” ಅಂದೆ. ಆ ದನಿಯಲ್ಲಿ ಹೊಟ್ಟೆಕಿಚ್ಚು ಚೂರೂ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ—

ಈಗ, ಅಲ್ಲೇ ಒಬ್ಬಳೇ ಉಳಿದುಬಿಟ್ಟ ನಿನ್ನ ಮಾತಿಗೆ ಆ ಕಡೆಯ ಧಾಟಿ ಬಂದಿದೆ. ಫೋನ್ ಇಡುವಾಗ ‘ಆತು ಬಿಡು’ ಅನ್ನುತ್ತೀಯ. ಮೂಡಲಪಾಳ್ಯದ ಮನೆಯಲ್ಲಿದ್ದ ಅಕ್ಕ ಹಾಗೆ ಅನ್ನುತ್ತಿರಲಿಲ್ಲ. ಅವಳಿಗಾಗಿ ನನಗೆ ಇವತ್ತಿಗೂ ಹಂಬಲ. ದೀಪಾಂಜಲಿ ನಗರದಲ್ಲಿ ಮೆಟ್ರೋಗೆ ಕಾಯುವಾಗ ಪಕ್ಕದಲ್ಲಿ ಯಾರೋ ಮಗಳ ಜಡೆ ಸರಿಮಾಡಿದರೂ ಸಾಕು, ನನ್ನ ನೆತ್ತಿ ಜುಮ್ಮೆನ್ನುತ್ತದೆ. ಅಪ್ಪ ತೀರಿಕೊಂಡ ಮೇಲೆ ಪ್ರತಿ ಗೌರಿ ಹಬ್ಬಕ್ಕೂ, ತವರಿನದು ಎಂದು, ನೀನು ಇಳಕಲ್ ಸೀರೆ ಕಳಿಸುತ್ತೀಯ. ಈ ಸಲದ್ದು ನಿನ್ನೆ ಬಂತು. ಮಡಿಕೆ ಬಿಚ್ಚಿಲ್ಲ. ಹಾಗೇ ತೆಗೆದುಕೊಂಡು ಶುಕ್ರವಾರ ನಿನ್ನಲ್ಲಿಗೆ ಬರುತ್ತಿದ್ದೇನೆ. ಈ ಕಾಗದವನ್ನು ಕೈಗಿತ್ತು ಓಡಿಬರುವುದಿಲ್ಲ, ಎದುರಿಗೆ ಕೂತು ಬಾಯಿಬಿಟ್ಟು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ಕೂರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಹಕ್ಕು ನನಗಿಲ್ಲ.

ಒಂದನ್ನು ಮಾತ್ರ ನೀನು ನಂಬಬೇಕು. ನಿನ್ನನ್ನು ಯಾರೂ ಬೇಡ ಅಂದಿರಲಿಲ್ಲ. ಯಾರೂ ನೋಡಿಯೇ ಇರಲಿಲ್ಲ, ನೋಡಲು ನಾನು ಬಿಟ್ಟಿರಲಿಲ್ಲ. ನಿನ್ನನ್ನು ಕೂರಿಸಿಕೊಂಡು ಮಾತಾಡಿಸಿದ್ದವರು ಶಾರದಮ್ಮ ಒಬ್ಬರೇ. ನಿನ್ನ ಹೆಸರಿನ ಪಕ್ಕ ಅವರು ಸೇರಿಸಿದ್ದು ಇಷ್ಟು: ‘ತುಂಬಾ ಒಳ್ಳೆ ಹುಡುಗಿ, ಮೊದಲು ಇವಳದ್ದು ತೋರಿಸಿ.’